ಬಿಟ್ಟ ಪಾರಿವಾಳಕ್ಕೆ ಗೂಡು ಯಾರದು?

ಸಿಂಧನೂರು ತಾಲ್ಲೂಕಿನ ತುರ್ವಿಹಾಳದಂಥ ಊರಿನಲ್ಲಿ ಪಾರಿವಾಳವನ್ನು ಯಾರೂ ನಿಂತು ನೋಡುವುದಿಲ್ಲ. ಗುಡಿಯ ಗೋಪುರ, ಅಕ್ಕಿ ಗಿರಣಿಯ ತಗಡಿನ ಅಡಿ, ಹಳೇ ಬಾವಿಯ ಕಲ್ಲುಸಂದಿ, ನೀರಿನ ಟ್ಯಾಂಕು, ಎಲ್ಲಿ ನೋಡಿದರೂ ಅವೇ. ಆದರೆ ಆ ಬೂದು ಹಿಂಡಿನಿಂದ ಸ್ವಲ್ಪ ದೂರದಲ್ಲಿ ಒಮ್ಮೊಮ್ಮೆ ಒಂದು ಅಚ್ಚ ಬಿಳಿ ಹಕ್ಕಿ, ಇಲ್ಲವೇ ಬೀಸಣಿಗೆಯಂತೆ ಬಾಲ ಬಿಚ್ಚಿಕೊಂಡ ಲಕ್ಕಾ, ಒಂಟಿಯಾಗಿ ಕಾಂಪೌಂಡ್ ಗೋಡೆಯ ಮೇಲೆ ಕೂತಿರುತ್ತದೆ. ಮನುಷ್ಯರು ಹತ್ತಿರ ಬಂದರೂ ಎದ್ದು ಹಾರುವುದಿಲ್ಲ. ನಾಯಿ ಬಂದರೆ ಒಂದು ಮಾರು ಆಚೆ ಜಿಗಿದು ಮತ್ತೆ ಕೂರುತ್ತದೆ. ನೋಡಿದವರು "ಯಾರೋ ಸಾಕಿದ್ದು ಬಿಟ್ಟಾರ, ಹೆಂಗೋ ಬದುಕ್ತದ ಬಿಡು" ಎಂದು ಮುಂದೆ ಹೋಗುತ್ತಾರೆ. ಆ ಮಾತಿನಲ್ಲಿ ಕೆಟ್ಟ ಮನಸ್ಸೇನೂ ಇಲ್ಲ, ಆದರೆ ಅದು ನಿಜವಲ್ಲ. ಸಾಕಿದ ಪಾರಿವಾಳವನ್ನು ಬಯಲಿಗೆ ಬಿಟ್ಟರೆ ಅದು ಬದುಕುವ ಸಾಧ್ಯತೆ ಬಹಳ ಕಡಿಮೆ. ಹಾಗಾಗಿ ಅಂಥ ಹಕ್ಕಿ ಕಣ್ಣಿಗೆ ಬಿದ್ದಾಗ ಮಾಡಬೇಕಾದ ಉಪಕಾರವೆಂದರೆ ಅದನ್ನು ಹಿಡಿದು, ಬಾಗಿಲಿರುವ ಒಂದು ಗೂಡಿಗೆ ಸೇರಿಸುವುದು. ಹಕ್ಕಿಯನ್ನು ಹಿಡಿಯುವುದೇ ದಯೆ ಎಂಬ ಮಾತು ಕಿವಿಗೆ ಅಷ್ಟು ಹಿತವಾಗಿ ಕೇಳಿಸದು, ಅದಕ್ಕೇ ಕಾರಣಗಳನ್ನು ಬಿಡಿಸಿ ಹೇಳಬೇಕಾಗಿದೆ.

ಮೊದಲನೆಯದು ಹುಟ್ಟಿನ ಸಂಗತಿ. ಜಗತ್ತಿನ ಸಾಕು ಪಾರಿವಾಳಗಳೆಲ್ಲ ಬಂಡೆಗಳಲ್ಲಿ ಗೂಡು ಕಟ್ಟುವ ಒಂದೇ ಕಾಡು ಜಾತಿಯಿಂದ ಬಂದವು. 1859ರಲ್ಲಿ ತನ್ನ ಪ್ರಸಿದ್ಧ ಪುಸ್ತಕದ ಮೊದಲ ಅಧ್ಯಾಯದಲ್ಲೇ ಚಾರ್ಲ್ಸ್ ಡಾರ್ವಿನ್ ಇದನ್ನು ವಾದಿಸಿದ್ದ. ಅದಕ್ಕಾಗಿ ಸ್ವತಃ ಪಾರಿವಾಳ ಸಾಕಿ, ಲಂಡನ್ನಿನ ಪಾರಿವಾಳ ಸಾಕುವವರ ಕ್ಲಬ್ಬುಗಳನ್ನೂ ಸೇರಿದ್ದ. ಮನುಷ್ಯ ಸಾವಿರಾರು ವರ್ಷ ತನಗೆ ಬೇಕಾದ್ದನ್ನು ಆರಿಸಿ ಆರಿಸಿ ಜೋಡಿ ಮಾಡಿದ ಫಲವಾಗಿಯೇ ಇಷ್ಟೊಂದು ಬಗೆಗಳು ಹುಟ್ಟಿದವು. ಲಕ್ಕಾದ ಬಾಲ ನೋಡಲು ಚೆಂದ, ಗಾಳಿ ಬೀಸಿದರೆ ಅದೇ ಹಾರಾಟಕ್ಕೆ ಅಡ್ಡಿ. ಪಾದದ ತುಂಬ ಪುಕ್ಕವಿರುವ ತಳಿ ಒದ್ದೆ ನೆಲದಲ್ಲಿ ನಡೆದರೆ ಕೆಸರು ಮೆತ್ತಿಕೊಳ್ಳುತ್ತದೆ. ಅಚ್ಚ ಬಿಳಿ ಬಣ್ಣವಂತೂ ಎತ್ತರದಲ್ಲಿ ಸುತ್ತುವ ಗಿಡುಗಕ್ಕೆ ದೂರದಿಂದಲೇ ಕಾಣುತ್ತದೆ. ಕಾಡಿನಲ್ಲಿ ಈ ಯಾವ ಗುಣವೂ ಉಳಿಯುತ್ತಿರಲಿಲ್ಲ, ನಮ್ಮ ಕಣ್ಣಿಗೆ ಹಿಡಿಸಿದ್ದರಿಂದ ಉಳಿದವು. ಗೋಪುರದ ಬೂದು ಪಾರಿವಾಳಗಳಲ್ಲೂ ಸಾಕು ಹಕ್ಕಿಗಳ ರಕ್ತ ಇದೆಯಲ್ಲ, ಅವು ಬದುಕಿಲ್ಲವೇ ಎಂದು ಯಾರಾದರೂ ಕೇಳಬಹುದು. ಬದುಕಿವೆ, ಆದರೆ ಎಷ್ಟೋ ತಲೆಮಾರುಗಳಲ್ಲಿ ಬದುಕಲಾರದವೆಲ್ಲ ಸತ್ತ ಮೇಲೆ ಉಳಿದವುಗಳ ಸಂತಾನ ಅವು. ಅವುಗಳ ಮರಿ ಗೂಡಿನಿಂದ ಇಳಿದ ದಿನದಿಂದ ಹಿಂಡನ್ನು ನೋಡಿಯೇ ಕಲಿಯುತ್ತದೆ: ಎಲ್ಲಿ ನೀರು, ಯಾವ ಹೊತ್ತಿಗೆ ಗಿರಣಿ ಅಂಗಳಕ್ಕೆ ಇಳಿಯಬೇಕು, ಒಂದು ಹಕ್ಕಿ ರೆಕ್ಕೆ ಬಡಿದರೆ ಉಳಿದವೆಲ್ಲ ಯಾಕೆ ಏಳಬೇಕು. ಪಂಜರದಲ್ಲಿ ಮೊಟ್ಟೆಯೊಡೆದು, ಬಟ್ಟಲಿನ ಕಾಳು ತಿಂದು ಬೆಳೆದ ಹಕ್ಕಿಗೆ ಇದನ್ನು ಕಲಿಸುವವರು ಯಾರೂ ಇರಲಿಲ್ಲ.

"ಪಾರಿವಾಳ ಎಲ್ಲಿ ಬಿಟ್ಟರೂ ಮನೆ ಹುಡುಕಿಕೊಂಡು ಬರುತ್ತದೆ" ಎಂಬ ನಂಬಿಕೆಯೂ ಇದೆ. ಇದರಲ್ಲಿ ಅರ್ಧ ನಿಜವಿದೆ. ದೂರದಿಂದ ಮನೆಗೆ ಮರಳುವುದು ಹೋಮರ್ ಎಂಬ ತಳಿಯ ಗುಣ. ಸೂರ್ಯನ ದಿಕ್ಕು, ಭೂಮಿಯ ಕಾಂತಕ್ಷೇತ್ರ, ಗಾಳಿಯ ವಾಸನೆ, ಕೆಳಗಿನ ರಸ್ತೆ-ಹೊಳೆಗಳ ಗುರುತು, ಇವೆಲ್ಲವನ್ನೂ ಅದು ಬಳಸಿಕೊಳ್ಳುತ್ತದೆ. ಒಡಿಶಾ ಪೊಲೀಸರು 1946ರಲ್ಲಿ ಸೇನೆಯಿಂದ ಇಂಥ ಹಕ್ಕಿಗಳನ್ನು ಪಡೆದು ಸಂದೇಶ ಕಳಿಸುವ ವ್ಯವಸ್ಥೆ ಕಟ್ಟಿದ್ದರು. 1999ರ ಮಹಾ ಚಂಡಮಾರುತದಲ್ಲಿ ತಂತಿ ಸಂಪರ್ಕ ಕಡಿದುಹೋದಾಗಲೂ ಅವು ಕೆಲಸಕ್ಕೆ ಬಂದವು. ಆದರೆ ಆ ಹಕ್ಕಿಗಳ ಹಿಂದೆ ಮರಿಯಾಗಿದ್ದಾಗಿನಿಂದಲೇ ಹಂತಹಂತವಾಗಿ ದೂರ ಹೆಚ್ಚಿಸಿದ ತರಬೇತಿ ಇತ್ತು, ಮರಳಿ ಸೇರಲು ಒಂದು ಗೂಡೂ ಇತ್ತು. ಮಾಲೀಕನೇ ಗೂಡು ಕಿತ್ತುಹಾಕಿ ಊರು ಬಿಟ್ಟ ಮೇಲೆ ದಿಕ್ಕು ಗೊತ್ತಿದ್ದು ಏನು ಪ್ರಯೋಜನ? ಪಳಗಿದ ಪಂದ್ಯದ ಹಕ್ಕಿಗಳೂ ದಾರಿ ತಪ್ಪುತ್ತವೆ. 2023ರ ಮೇ ತಿಂಗಳಲ್ಲಿ ಮುಂಬಯಿ ಬಂದರಿನ ಬಳಿ ಕಾಲಿಗೆ ಉಂಗುರವಿದ್ದ ಪಾರಿವಾಳವೊಂದು ಸಿಕ್ಕಿತ್ತು. ರೆಕ್ಕೆಯ ಮೇಲೆ ಚೀನೀ ಲಿಪಿಯಂಥ ಬರಹ ಇದ್ದುದರಿಂದ ಗೂಢಚಾರ ಹಕ್ಕಿ ಎಂಬ ಸಂಶಯ ಬಂದು, ಎಂಟು ತಿಂಗಳು ಅದನ್ನು ಪರೇಲಿನ ಪ್ರಾಣಿ ಆಸ್ಪತ್ರೆಯಲ್ಲಿ ಇರಿಸಲಾಯಿತು. ಕೊನೆಗೆ ತಿಳಿದದ್ದು ಅದು ತೈವಾನಿನ ಸಮುದ್ರ ಪಂದ್ಯದಲ್ಲಿ ದಾರಿ ತಪ್ಪಿದ ಹಕ್ಕಿ ಎಂದು. ಹೋಮರ್‌ಗೇ ಹೀಗಾದರೆ, ಮನೆಯ ಮಾಳಿಗೆಯ ಆಚೆ ಎಂದೂ ಹಾರದ ಲಕ್ಕಾದ ಗತಿ ಹೇಳಬೇಕಾಗಿಲ್ಲ.

ಸಮಾರಂಭಗಳಲ್ಲಿ ಶಾಂತಿಯ ಹೆಸರಿನಲ್ಲಿ ಬಿಳಿ ಪಾರಿವಾಳ ಹಾರಿಸುವ ಪದ್ಧತಿಯನ್ನು ಈ ಮಾತಿನಿಂದ ಹೊರಗಿಡುವಂತಿಲ್ಲ. 2024ರ ಆಗಸ್ಟ್ 15ರಂದು ಛತ್ತೀಸ್‌ಗಢದ ಮುಂಗೇಲಿಯಲ್ಲಿ ಗಣ್ಯರು ಹಾರಿಸಿದ ಹಕ್ಕಿಗಳಲ್ಲಿ ಒಂದು ಹಾರದೆ ಹಾಗೇ ನೆಲಕ್ಕೆ ಬಿತ್ತು. ವಿಡಿಯೊ ದೇಶವೆಲ್ಲ ಸುತ್ತಿತು, ಜನ ನಕ್ಕರು, ಕಾಯಿಲೆ ಬಿದ್ದ ಹಕ್ಕಿಯನ್ನು ತಂದದ್ದು ಯಾರು ಎಂಬ ಬಗ್ಗೆ ಅಧಿಕಾರಿಗಳ ನಡುವೆ ಪತ್ರವೂ ಓಡಾಡಿತು. ಹಾರಿಹೋದ ಹಕ್ಕಿಗಳು ಸಂಜೆ ಎಲ್ಲಿ ಕೂತವು ಎಂದು ಯಾರಾದರೂ ಕೇಳಿದ್ದು ಸುದ್ದಿಯಲ್ಲಿ ಬರಲಿಲ್ಲ. ಬಿದ್ದ ಹಕ್ಕಿಗೆ ಕ್ಯಾಮೆರಾ ಇತ್ತು, ಹಾರಿದವಕ್ಕೆ ಅದೂ ಇಲ್ಲ.

ಇನ್ನು ನಮ್ಮ ಭಾಗಕ್ಕೇ ವಿಶಿಷ್ಟವಾದ ಒಂದು ಆಕ್ಷೇಪ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭತ್ತದ ಸೀಮೆಯಲ್ಲಿ ಹಕ್ಕಿಗೆ ಅನ್ನದ ಬರವೇ? ಕಟಾವಿನ ಹೊತ್ತಿಗೆ ರಸ್ತೆಯಲ್ಲೇ ಭತ್ತ ಒಣಹಾಕುತ್ತಾರೆ, ಸಿಂಧನೂರಿನ ಗಿರಣಿಗಳ ಅಂಗಳದಲ್ಲಿ ನುಚ್ಚು ಚೆಲ್ಲಿರುತ್ತದೆ, ಎಪಿಎಂಸಿಯಲ್ಲಿ ಜೋಳ ಸಿಕ್ಕೇ ಸಿಗುತ್ತದೆ. ಮಾತು ಸರಿಯೇ. ಆದರೆ ಬಿಟ್ಟ ಪಾರಿವಾಳ ಸಾಯುವುದು ಹಸಿವಿನಿಂದ ಮಾತ್ರವಲ್ಲ. ಕಾಳಿರುವ ಕಡೆ ಬೆಕ್ಕೂ ಇರುತ್ತದೆ, ಟ್ರ್ಯಾಕ್ಟರ್ ಗಾಲಿಯೂ ಇರುತ್ತದೆ. ಔಷಧಿ ಸವರಿದ ಬಿತ್ತನೆ ಬೀಜವನ್ನೂ ತಿನ್ನುವ ಕಾಳನ್ನೂ ಬೇರೆ ಮಾಡಿ ನೋಡುವುದು ಅದಕ್ಕೆ ಆಗದು. ಬಿಸಿಲು ನಲವತ್ತು ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ನೆರಳು-ನೀರಿನ ಜಾಗ ಗೊತ್ತಿಲ್ಲದ ಹಕ್ಕಿ ಬೇಗ ಬಳಲುತ್ತದೆ. ಕಾಳಿನ ಸಮೃದ್ಧಿಯಾದರೂ ವರ್ಷವಿಡೀ ಇರುವುದಲ್ಲ. ಕಾಲುವೆಯ ಕೊನೆಭಾಗದ ರೈತರಿಗೆ ಎರಡನೇ ಬೆಳೆಗೆ ನೀರು ಬಾರದ ವರ್ಷಗಳ ಅನುಭವ ಚೆನ್ನಾಗಿಯೇ ಇದೆ. ಮಸ್ಕಿ, ಲಿಂಗಸುಗೂರು ಕಡೆಯ ಒಣಭೂಮಿಯ ಹಳ್ಳಿ-ತಾಂಡಾಗಳಿಂದ ಜನ ಬೆಂಗಳೂರು, ಪುಣೆಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ ಬಿದ್ದಾಗ ಎಮ್ಮೆ, ಆಡುಗಳನ್ನು ಮಾರಬಹುದು, ನೆಂಟರಲ್ಲಿ ಬಿಡಬಹುದು. ಹುಡುಗ ಹಟ ಹಿಡಿದು ತಂದಿಟ್ಟ ನಾಲ್ಕು ಪಾರಿವಾಳಗಳನ್ನು ಯಾರು ಕೇಳುತ್ತಾರೆ? ಗೂಡಿನ ಬಾಗಿಲು ತೆಗೆದಿಟ್ಟು ಹೊರಡುವುದು ಅಂಥ ಮನೆಯವರಿಗೆ ಕ್ರೌರ್ಯ ಅನ್ನಿಸುವುದಿಲ್ಲ, ಹಕ್ಕಿಗೆ ಬಿಡುಗಡೆ ಕೊಟ್ಟೆವೆಂದೇ ಅನ್ನಿಸುತ್ತದೆ. ಅವರನ್ನು ದೂರಿ ಫಲವಿಲ್ಲ. ಬಿಡುವ ಮುಂಚೆ ಕೊಟ್ಟುಹೋಗಲು ಊರಿನಲ್ಲೊಂದು ಜಾಗ ಇದ್ದಿದ್ದರೆ ಅವರು ಕೊಟ್ಟೇ ಹೋಗುತ್ತಿದ್ದರು.

ಇನ್ನೊಂದು ಅಪಾಯವನ್ನು ಮುಚ್ಚಿಡದೆ ಹೇಳಬೇಕು. ಲಕ್ವ ಹೊಡೆದವರಿಗೆ ಪಾರಿವಾಳದ ರಕ್ತ ಹಚ್ಚಿದರೆ, ಮಾಂಸ ತಿನ್ನಿಸಿದರೆ ಗುಣವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಜೀವಂತವಿದೆ. ಕೈಗೆ ಸುಲಭವಾಗಿ ಸಿಗುವ, ಒಡೆಯನಿಲ್ಲದ ಹಕ್ಕಿ ಇದಕ್ಕೆ ಬಲಿಯಾಗುತ್ತದೆ. ಈ ಚಿಕಿತ್ಸೆಗೆ ವೈದ್ಯಕೀಯ ಆಧಾರ ಯಾವುದೂ ಇಲ್ಲ. ಹಕ್ಕಿಗಿಂತ ಹೆಚ್ಚಿನ ನಷ್ಟ ರೋಗಿಗೇ ಆಗುತ್ತದೆ, ಏಕೆಂದರೆ ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಹೆಪ್ಪು ಕರಗಿಸುವ ಔಷಧಿಯನ್ನು ಸುಮಾರು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾರಿವಾಳ ಹುಡುಕುತ್ತ ಕಳೆದ ಹೊತ್ತು ಮತ್ತೆ ಸಿಗದು.

ಮಸ್ಕಿಯ ಹೆಸರು ಬಂದಿದ್ದರಿಂದ ಒಂದು ಹಳೆಯ ಸಂಗತಿ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬಾತ ಅಲ್ಲಿ ಕಂಡ ಬಂಡೆಶಾಸನದಿಂದಲೇ ದೇವಾನಾಂಪ್ರಿಯ ಎಂದರೆ ಅಶೋಕ ಎಂಬುದು ಗಟ್ಟಿಯಾದದ್ದು ಎಲ್ಲರಿಗೂ ಗೊತ್ತು. ಅದೇ ಅಶೋಕ ಪಟ್ಟಕ್ಕೆ ಬಂದ ಇಪ್ಪತ್ತಾರನೇ ವರ್ಷ, ಉತ್ತರ ಭಾರತದ ಸ್ತಂಭಗಳ ಮೇಲೆ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಬರೆಸಿದ. ಗಿಳಿ, ಮೈನಾಗಳಿರುವ ಆ ಪಟ್ಟಿಯಲ್ಲಿ ಬಿಳಿ ಪಾರಿವಾಳವೂ ಊರ ಪಾರಿವಾಳವೂ ಬೇರೆಬೇರೆಯಾಗಿ ಬಂದಿವೆ. ಇದನ್ನು ಹಿಡಿದುಕೊಂಡು ಅಶೋಕನೇ ಪಾರಿವಾಳದ ಗೂಡು ಕಟ್ಟಿಸಲು ಹೇಳಿದ್ದ ಎಂದರೆ ಇತಿಹಾಸಕ್ಕೆ ಅನ್ಯಾಯ. ಶಾಸನ ಹೇಳುವುದು ಕೊಲ್ಲಬೇಡಿ ಎಂದಷ್ಟೇ. ನಮ್ಮ ಮುಂದಿರುವುದು ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ: ಯಾರೂ ಕೊಲ್ಲದೆಯೂ ಬರೀ ಕೈಬಿಟ್ಟಿದ್ದರಿಂದಲೇ ಸಾಯುವ ಜೀವಕ್ಕೆ ಯಾರು ಹೊಣೆ? ಇದಕ್ಕೆ ಉತ್ತರ ಸ್ವತಂತ್ರ ಭಾರತದ ಕಾನೂನಿನಲ್ಲಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಹಸಿವು-ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಯಾವುದೇ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದನ್ನು ಅಪರಾಧ ಎನ್ನುತ್ತದೆ. ಮನುಷ್ಯನನ್ನು ಬಿಟ್ಟು ಉಳಿದ ಜೀವಿಗಳೆಲ್ಲ ಅದರಲ್ಲಿ ಪ್ರಾಣಿಯೇ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ! ಅರವತ್ತು ವರ್ಷ ದಾಟಿದರೂ ಏರದ ಬೆಲೆ ಈ ದೇಶದಲ್ಲಿ ಬಹುಶಃ ಇದೊಂದೇ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಊರಲ್ಲಿ ಪಾರಿವಾಳ ಈಗಲೇ ಹೆಚ್ಚಾಗಿವೆ, ಅವುಗಳ ಹಿಕ್ಕೆಯಿಂದ ಕಾಯಿಲೆ ಬರುತ್ತದೆ, ಹೀಗಿರುವಾಗ ಗೂಡು ಕಟ್ಟಿ ಇನ್ನಷ್ಟು ಸಾಕುವುದೇ? ಕಾಯಿಲೆಯ ಮಾತು ಸುಳ್ಳಲ್ಲ. ಒಣಗಿದ ಹಿಕ್ಕೆ ಮತ್ತು ಪುಕ್ಕದ ಧೂಳನ್ನು ಬಹುಕಾಲ ಉಸಿರಾಡಿದವರಲ್ಲಿ ಕೆಲವರಿಗೆ ಹೈಪರ್‌ಸೆನ್ಸಿಟಿವಿಟಿ ನ್ಯೂಮೋನೈಟಿಸ್ ಎಂಬ ಶ್ವಾಸಕೋಶದ ತೊಂದರೆ ಬರುತ್ತದೆ, ಅದು ಬಲಿತರೆ ಶ್ವಾಸಕೋಶ ಗಡುಸಾಗುತ್ತದೆ. 2025ರ ಜುಲೈ-ಆಗಸ್ಟಿನಲ್ಲಿ ಮುಂಬಯಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರಖಾನೆಗಳ ವಿವಾದ ಹೈಕೋರ್ಟಿನವರೆಗೆ ಹೋಗಿ, ದಾದರಿನ ಹಳೆಯ ಕಬೂತರಖಾನೆಗೆ ಟಾರ್ಪಾಲಿನ್ ಹೊದಿಸುವ ಮಟ್ಟಕ್ಕೆ ಬಂದದ್ದು ಇದೇ ಕಾರಣಕ್ಕೆ. ಆದರೆ ಅಲ್ಲಿ ತಕರಾರು ಇದ್ದದ್ದು ಬೀದಿಯಲ್ಲಿ ಮೂಟೆಗಟ್ಟಲೆ ಕಾಳು ಚೆಲ್ಲುವುದರ ಬಗ್ಗೆ. ಬೀದಿಯಲ್ಲಿ ಕಾಳು ಎರಚುವುದೂ, ಬಿಟ್ಟ ಹಕ್ಕಿಗೆ ಬಾಗಿಲಿರುವ ಗೂಡು ಕೊಡುವುದೂ ಒಂದೇ ಎಂದು ತಿಳಿದಿದ್ದರಿಂದಲೇ ಈ ಚರ್ಚೆ ದಾರಿ ತಪ್ಪುತ್ತದೆ. ಒಂದು ಎಣಿಕೆಯಿಲ್ಲದೆ ಹಕ್ಕಿ ಹೆಚ್ಚಿಸುತ್ತದೆ, ಇನ್ನೊಂದು ಬೀದಿಯಿಂದ ಹಕ್ಕಿಯನ್ನು ತೆಗೆಯುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ್ದು. ಅಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದರು. ಹಕ್ಕಿಗಳ ಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲೇ ನಿಂತಿತ್ತು. ಕಾಳು ಇದ್ದಷ್ಟು ದಿನ ಸತ್ತ ಹಕ್ಕಿಯ ಜಾಗಕ್ಕೆ ಹೊಸ ಮರಿ ಬರುತ್ತಲೇ ಇತ್ತು. 1988ರಿಂದ ಅಲ್ಲಿನ ವಿಶ್ವವಿದ್ಯಾಲಯದ ಡೇನಿಯಲ್ ಹಾಗ್-ವಾಕರ್‌ನಾಗೆಲ್ ಎಂಬ ಜೀವಶಾಸ್ತ್ರಜ್ಞರು ಹಾದಿ ಬದಲಿಸಿದರು. ಬೀದಿಯಲ್ಲಿ ಕಾಳು ಹಾಕುವುದನ್ನು ಜನ ತಾವಾಗಿ ಬಿಡುವಂತೆ ತಿಳಿಹೇಳಿದರು, ಜೊತೆಗೆ ಮೇಲ್ವಿಚಾರಣೆಯ ಗೂಡುಗಳನ್ನಿಟ್ಟು ಅಲ್ಲಿ ಮೊಟ್ಟೆಗಳನ್ನು ತೆಗೆಸಿದರು. ನಾಲ್ಕು ವರ್ಷಗಳಲ್ಲಿ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಜರ್ಮನಿಯ ಆಗ್ಸ್‌ಬರ್ಗ್ ಕೂಡ ನಗರದ ಗೂಡುಗಳಲ್ಲಿ ಮೊಟ್ಟೆ ಬದಲಿಸುವ ಪದ್ಧತಿಗೇ ಹೆಸರಾದದ್ದು. ಪಾರಿವಾಳ ಒಂದು ಸಲಕ್ಕೆ ಎರಡು ಮೊಟ್ಟೆ ಇಟ್ಟು ಹದಿನೆಂಟು ದಿನ ಕಾವು ಕೊಡುತ್ತದೆ. ಇಟ್ಟ ಕೂಡಲೇ ಅವನ್ನು ತೆಗೆದು ಅದೇ ಗಾತ್ರದ ಮರದ ಅಥವಾ ಪ್ಲಾಸ್ಟಿಕ್ ಮೊಟ್ಟೆ ಇಟ್ಟರೆ ಹಕ್ಕಿ ಅದಕ್ಕೇ ಕಾವು ಕೊಡುತ್ತ ಕೂರುತ್ತದೆ. ಬರೀ ತೆಗೆದುಹಾಕಿದರೆ ಮತ್ತೆ ಬೇಗ ಇಡುತ್ತದೆ, ತಾಯಿಹಕ್ಕಿಯ ಮೈಯ ಸುಣ್ಣದಂಶ ಖಾಲಿಯಾಗುತ್ತದೆ. ಗೂಡಿನೊಳಗೆ ಸಂಖ್ಯೆ ನಮ್ಮ ಹತೋಟಿಯಲ್ಲಿ ಇರುತ್ತದೆ, ಗೋಪುರದ ಸಂದಿಯಲ್ಲಿ ಇರುವುದಿಲ್ಲ. ಹಿಕ್ಕೆಯೂ ಅಷ್ಟೆ: ಒಂದೇ ಕಡೆ ಬಿದ್ದದ್ದನ್ನು ನೀರು ಚಿಮುಕಿಸಿ, ಮೂಗು-ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಬಳಿಯಬಹುದು, ಧೂಳು ಏಳುವುದಿಲ್ಲ. ಉಬ್ಬಸ ಇರುವವರು, ಉಸಿರಿನ ತೊಂದರೆಯ ಮಕ್ಕಳು ಇರುವ ಮನೆಯಲ್ಲಿ ಮಾತ್ರ ಗೂಡು ಬೇಡವೇ ಬೇಡ. ಇದರಲ್ಲಿ ರಾಜಿ ಸಲ್ಲದು.

ಗೂಡಿನಲ್ಲಿ ಕೂಡಿಹಾಕುವುದೂ ಹಿಂಸೆಯೇ ಅಲ್ಲವೇ ಎನ್ನುವವರಿಗೆ ಒಂದೇ ಮಾತು. ಗೂಡು ಎಂದಾಗ ಜಾತ್ರೆಯಲ್ಲಿ ಮಾರುವ ಒಂದು ಮೊಳದ ತಂತಿ ಪಂಜರ ನನ್ನ ಮನಸ್ಸಿನಲ್ಲಿಲ್ಲ. ರೆಕ್ಕೆ ಬಿಚ್ಚಿ ಈ ತುದಿಯಿಂದ ಆ ತುದಿಗೆ ಹಾರಲು ಆಗುವ, ಜೋಡಿ ಕೂರಲು ಗಡಿಗೆಯೋ ಹಲಗೆಯ ಖಾನೆಯೋ ಇರುವ, ಬೆಕ್ಕು-ಹಾವು-ಇಲಿ ನುಗ್ಗದ ಸಣ್ಣ ಕೊಠಡಿಯದು. ಹಿಂದೆ ಮಣ್ಣಿನ ಮಾಳಿಗೆ ಮನೆಗಳಲ್ಲಿ ಜಂತಿಯ ಸಂದಿ, ಗೋಡೆಯ ಮಾಡು, ಬೆಳಕಿಂಡಿ ಇರುತ್ತಿದ್ದವು. ಆರ್‌ಸಿಸಿ ಮನೆಗೆ ಅವು ಬೇಕಿಲ್ಲ, ಹಾಗಾಗಿ ಹಕ್ಕಿಯ ಜಾಗವನ್ನು ಈಗ ಬೇರೆಯಾಗಿ ಕಟ್ಟಬೇಕು. ರಾಯಚೂರಿನ ಬಿಸಿಲಿಗೆ ತಗಡಿನ ಮಾಡು ಕೆಲಸಕ್ಕೆ ಬಾರದು. ತಗಡೇ ಗತಿ ಎಂದಾದರೆ ಮೇಲೆ ಸುಣ್ಣ ಬಳಿದು ಭತ್ತದ ಹುಲ್ಲು ಹೊದಿಸಿದರೆ ಒಳಗಿನ ಕಾವು ತಗ್ಗುತ್ತದೆ.

ಹಿಡಿಯುವ ಕೆಲಸದಲ್ಲಿ ತಾಳ್ಮೆ ಮುಖ್ಯ. ಓಡಿಸಿಕೊಂಡು ಹೋದರೆ ಹಕ್ಕಿ ಹೆದರಿ ಎತ್ತರಕ್ಕೆ ಏರಿಬಿಡುತ್ತದೆ. ಜೋಳ ಚೆಲ್ಲಿ ಹತ್ತಿರಕ್ಕೆ ಬರಿಸಿ, ಕಡ್ಡಿಗೆ ದಾರ ಕಟ್ಟಿ ಬುಟ್ಟಿ ಕವುಚುವ ಹುಡುಗರ ಹಳೇ ಉಪಾಯವೇ ಇದಕ್ಕೆ ಚೆನ್ನ. ಕತ್ತಲಾದ ಮೇಲೆ ಪಾರಿವಾಳಕ್ಕೆ ಕಣ್ಣು ಅಷ್ಟು ಕಾಣದು, ಕೂತಲ್ಲೇ ಟವಲು ಹಾಕಿ ಎತ್ತಬಹುದು. ರೆಕ್ಕೆ ಮೈಗೆ ಅಂಟುವಂತೆ ಹಿಡಿಯಬೇಕು, ಎದೆ ಅಮುಕಬಾರದು. ಗಾಳಿ ಆಡುವ ರಟ್ಟಿನ ಡಬ್ಬದಲ್ಲಿ, ಕತ್ತಲೆಯ ಸದ್ದಿಲ್ಲದ ಮೂಲೆಯಲ್ಲಿ ಒಂದು ರಾತ್ರಿ ಬಿಟ್ಟರೆ ಅರ್ಧ ಚಿಕಿತ್ಸೆ ಆದಂತೆ. ಪಾರಿವಾಳ ಕೊಕ್ಕು ಮುಳುಗಿಸಿ ನೀರು ಹೀರುವ ಹಕ್ಕಿ, ಆದ್ದರಿಂದ ತಟ್ಟೆಗಿಂತ ಒಂದಿಷ್ಟು ಆಳದ ಬಟ್ಟಲು ಬೇಕು. ಬಾಯಿ ತೆರೆಸಿ ನೀರು ಸುರಿದರೆ ಶ್ವಾಸಕೋಶಕ್ಕೆ ಇಳಿದು ಹಕ್ಕಿ ಸಾಯುತ್ತದೆ. ಜೋಳ, ಸಜ್ಜೆ, ಹೆಸರುಕಾಳು ಸಾಕು. ಅನ್ನ, ಬ್ರೆಡ್ಡು, ಹಾಲು ಬೇಡ. ಆಮೇಲೆ ನಾಲ್ಕು ಕಡೆ ನೋಡಬೇಕು. ಎದೆಯ ನಡುಮೂಳೆ ಚೂಪಾಗಿ ಕೈಗೆ ಹತ್ತಿದರೆ ಬಹುದಿನ ಉಪವಾಸವಿದ್ದದ್ದು. ಬೆರಳಿಗೆ ಸುತ್ತಿದ ದಾರ, ಕೂದಲನ್ನು ಬಿಡಿಸದೆ ಹೋದರೆ ಬೆರಳೇ ಉದುರುತ್ತದೆ. ಬಾಯೊಳಗೆ ಹಳದಿ ಗಿಣ್ಣಿನಂಥ ಪದರ ಇದ್ದರೆ, ಕತ್ತು ತಿರುಚಿಕೊಳ್ಳುತ್ತಿದ್ದರೆ ಪಶುವೈದ್ಯರಿಗೆ ತೋರಿಸಲೇಬೇಕು. ಬೆಂಗಳೂರಿನಲ್ಲಾದರೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್‌ನಂಥ ಕೇಂದ್ರವಿದೆ, ತುರ್ವಿಹಾಳದವರಿಗೆ ಅದು ನಾನೂರು ಕಿಲೋಮೀಟರಿನಷ್ಟು ದೂರ. ಇಲ್ಲಿ ದನಕರು ನೋಡುವ ಸರ್ಕಾರಿ ಪಶುವೈದ್ಯರೇ ಗತಿ. ರೆಕ್ಕೆಯ ಗರಿ ಕತ್ತರಿಸಿದ್ದರೆ ಅದು ಉದುರಿ ಹೊಸದು ಬರುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ಕಾಲಿಗೆ ಉಂಗುರವಿದ್ದರೆ ಅದರ ಮೇಲಿನ ಅಂಕಿ ಬರೆದಿಟ್ಟುಕೊಂಡು ಸುತ್ತಲಿನ ಪಾರಿವಾಳ ಸಾಕುವವರನ್ನು ವಿಚಾರಿಸಬೇಕು. ಕಳೆದುಕೊಂಡವರು ಹುಡುಕುತ್ತಲೂ ಇರಬಹುದು.

ಈ ಸಾಕುವವರನ್ನು ಜೊತೆಗೆ ಸೇರಿಸಿಕೊಳ್ಳದೆ ಕೆಲಸ ಆಗದು. ಪಾರಿವಾಳದ ಹುಚ್ಚು ಹತ್ತಿದವರು ಎಂದು ಊರು ಅವರನ್ನು ಹಗುರವಾಗಿ ನೋಡುತ್ತದೆ, ಆದರೆ ಹಕ್ಕಿಯ ಕಣ್ಣು, ಹಿಕ್ಕೆಯ ಬಣ್ಣ ನೋಡಿ ಕಾಯಿಲೆ ಹೇಳಬಲ್ಲವರು ಅವರೇ. ಅವರಲ್ಲಿ ಕೆಲವರೇ ಕೆಲಸಕ್ಕೆ ಬಾರದ ಹಕ್ಕಿಯನ್ನು ಬಯಲಿಗೆ ಬಿಡುವವರೂ ಹೌದು, ಇದನ್ನು ಅವರೆದುರೇ ಹೇಳಬೇಕಾಗುತ್ತದೆ. ಹೊಸ ಹಕ್ಕಿಯನ್ನು ಮೂರು-ನಾಲ್ಕು ವಾರ ಬೇರೆಯಾಗಿಟ್ಟು ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹಿಂಡಿಗೆ ಸೇರಿಸುವುದು ಅವರಿಗೆ ಗೊತ್ತಿರುವ ಪಾಠ. ಗೂಡಿಗೆ ಒಗ್ಗುವವರೆಗೆ ಬಾಗಿಲು ತೆಗೆಯುವಂತಿಲ್ಲ. ಎಳೆಯ ಹಕ್ಕಿಯಾದರೆ ಕೆಲವು ವಾರ ಒಳಗಿನಿಂದಲೇ ಸುತ್ತಲಿನ ಮಾಳಿಗೆ, ಮರಗಳನ್ನು ನೋಡಲು ಬಿಟ್ಟು, ಮೊದಲ ಸಲ ಸಂಜೆ ಕಾಳು ಹಾಕುವ ಹೊತ್ತಿಗೆ ಮುಂಚೆ, ಹೊಟ್ಟೆ ಹಸಿದಿರುವಾಗ ತೆರೆಯಬೇಕು. ಹಸಿವೇ ಅದನ್ನು ಒಳಗೆ ಕರೆತರುತ್ತದೆ. ಬಲಿತ ಹೋಮರ್ ಹೊಸ ಗೂಡನ್ನು ತನ್ನದೆಂದು ಎಂದಿಗೂ ಒಪ್ಪದಿರಬಹುದು, ಅದನ್ನು ದೊಡ್ಡ ಜಾಲರಿಯೊಳಗೇ ಇಡುವುದು ಕ್ಷೇಮ. ಲಕ್ಕಾ ಮತ್ತು ಕಾಲಿನ ಪುಕ್ಕದ ತಳಿಗಳನ್ನೂ ಹಾಗೆಯೇ.

ಖರ್ಚಿನ ಮಾತು ಕೊನೆಗೆ. ಒಂದು ಪಾರಿವಾಳ ದಿನಕ್ಕೆ ತಿನ್ನುವುದು ಹೆಚ್ಚೆಂದರೆ ಒಂದು ಹಿಡಿ ಕಾಳು. ಹತ್ತು ಹಕ್ಕಿಗಳ ತಿಂಗಳ ಖರ್ಚು ಮದುವೆಯೊಂದರ ಪಟಾಕಿ ಸರದಷ್ಟೂ ಆಗದು. ಜಾಗ ದೊಡ್ಡ ಸಮಸ್ಯೆ. ಸಿಂಧನೂರಿನ ಗಿರಣಿಗಳ ಹಿತ್ತಲಲ್ಲಿ, ತುರ್ವಿಹಾಳದ ಪಟ್ಟಣ ಪಂಚಾಯಿತಿಯ ಜಾಗದಲ್ಲಿ, ಗುಡಿಯ ಹಿಂದಿನ ಖಾಲಿ ಕೋಣೆಯಲ್ಲಿ, ಎಲ್ಲಿ ಒಪ್ಪಿದರೆ ಅಲ್ಲಿ, ಹತ್ತಡಿ ಚೌಕದ ಜಾಗ ಸಾಕು. ಬಾಗಿಲ ಮೇಲೆ ಒಂದು ಫೋನ್ ನಂಬರ್ ಬರೆದು, ಸಾಕಲಾಗದ ಪಾರಿವಾಳವನ್ನು ಇಲ್ಲಿ ಕೊಡಿ, ಯಾಕೆ ಎಂದು ಕೇಳುವುದಿಲ್ಲ ಎಂಬ ಎರಡು ಸಾಲು ಹಾಕಬೇಕು. ಆ ಕೊನೆಯ ಮಾತು ಬಿಟ್ಟುಹೋದರೆ ಜನ ನಾಚಿಕೊಂಡು ಮತ್ತೆ ಗೋಡೆಯ ಮೇಲೇ ಬಿಟ್ಟುಹೋಗುತ್ತಾರೆ.